ಲಾರ್ಡ್ ರೇಲಿ

ಜಾನ್ ವಿಲಿಯಂ ಸ್ಟ್ರಟ್ ಎಂಬುದು ಈ ಮಹನೀಯರ ಜನ್ಮನಾಮ. ಇವರು 1842ನೆಯ ಇಸವಿ ನವೆಂಬರ್ 12ರಂದು ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿ ದೇಹವು ಬಹಳ ದುರ್ಬಲವಾಗಿದ್ದುದರಿಂದ ಈಟನ್, ಹ್ಯಾರೋ ಎಂಬ ಪ್ರಸಿದ್ಧ ಶಾಲೆಗಳೆರಡನ್ನೂ ಅಲ್ಪಕಾಲದಲ್ಲಿಯೇ ಬಿಡಬೇಕಾಯಿತು. ಆದರೂ 1865ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ಪಡೆದರು. 1872ರಲ್ಲಿ ಕಠಿಣವಾದ ವಾತಜ್ವರಕ್ಕೆ ಗುರಿಯಾಗಿ, ಆರೋಗ್ಯಾರ್ಥವಾಗಿ ಈಜಿಪ್ಟಿಗೆ ಹೋಗಿದ್ದಾಗ, ನೈಲ್ ನದಿಯ ಮೇಲಣ ದೋಣಿಮನೆಯಲ್ಲಿ ಶಬ್ದವನ್ನು ಕುರಿತ ತಮ್ಮ ಮಹಾಗ್ರಂಥಕ್ಕೆ ಆರಂಭಮಾಡಿದರು.

1879ರಿಂದ 1884ರವರೆಗೆ ಇವರು ಕೇಂಬ್ರಿಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯ ಆಚಾರ್ಯರಾಗಿದ್ದರು. ಅಲ್ಲಿಯ ತರಗತಿಗಳು 1882ರಲ್ಲಿ ಗಂಡಸರಿಗಿದ್ದ ನಿಯಮಗಳ ಮೇಲೆಯೇ ಸ್ತ್ರೀಯರಿಗೂ ತೆರೆದುವು. ಇವರ ಪತ್ನಿಯ ಅಕ್ಕನವರಾದ ಶ್ರೀಮತಿ ಎಲಿನಾರ್ ಸಿಜ್ವಿಕ್ಕರು ವಿದ್ಯುತ್ತಿನ ಮಾನಗಳನ್ನು ನಿಷ್ಕರ್ಷಿಸುವ ಕಾರ್ಯದಲ್ಲಿ ಇವರಿಗೆ ಸಹಕಾರಿಣಿಯಾಗಿದ್ದರು. ಆಕೆಯೇ 1892ರಲ್ಲಿ ನ್ಯೂನ್ಹಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆಯಾದರು.

ಬಳಿಕ ರೇಲಿಯವರು ವಾಯುಗಳನ್ನು ತೂಗುವ ಕಾರ್ಯದಲ್ಲಿ ತೊಡಗಿದರು. ಗಾಳಿಯಿಂದ ತೆಗೆದ ಸಾರಜನಕವು ರಾಸಾಯನಿಕ ಕ್ರಿಯೆಯಿಂದ ಪಡೆದ ಸಾರಜನಕಕ್ಕಿಂತ ಸುಮಾರು ಇನ್ನೂರರಲ್ಲೊಂದು ಪಾಲು ಹೆಚ್ಚು ತೂಗುತ್ತಿತ್ತು. ಈ ಅಲ್ಪ ಭೇದವನ್ನು ಅವರು ಉಪೇಕ್ಷಿಸಲಿಲ್ಲ. 1892ರಲ್ಲಿ ಪತ್ರಿಕೆಯೊಂದರ ಮೂಲಕ ಇತರರ ಸಲಹೆಯನ್ನು ಕೇಳಲೂ ಸಂಕೋಚಪಡಲಿಲ್ಲ. ಕಡೆಗೆ 1894ರಲ್ಲಿ ಅವರೂ ವಿಲಿಯಂ ರ‍್ಯಾಮ್ಸೆಯವರೂ ಗಾಳಿಯಲ್ಲಿ ಅಡಗಿದ್ದ ಹೊಸ ವಾಯುವೊಂದನ್ನು ಪ್ರಕಟಪಡಿಸಿದರು. ಅದಕ್ಕೆ ಆರ್ಗಾನ್ ಎಂದು ಹೆಸರಾಯಿತು.

ಆದರೆ ಆ ವಾಯು ಯಾವುದರೊಡನೆಯೂ ಕೂಡುತ್ತಿರಲಿಲ್ಲ. ಅದು ಮೂರು ಪರಮಾಣುಗಳು ಕೂಡಿದ ಸಾರಜನಕವೇ ಇರಬಹುದೆಂದು ಕೆಲವರು ಶಂಕಿಸಿದರು. ಈ ಶಂಕೆಗೆ ಉತ್ತರವು ಶಬ್ದದಿಂದ ದೊರೆಯಿತು. ವಾಯುವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸುವುದಕ್ಕಿಂತ, ಹಿಗ್ಗಲು ಬಿಟ್ಟು ಕಾಯಿಸಲು ಹೆಚ್ಚು ಶಾಖ ಬೇಕು. ಈ ಎರಡು ಶಾಖಗಳ ನಿಷ್ಪತ್ತಿಯನ್ನು ವಾಯುವಿನ ಸಾಂದ್ರತೆಯಿಂದಲೂ ಅದರಲ್ಲಿ ಶಬ್ದವು ಸಾಗುವ ವೇಗದಿಂದಲೂ ಗಣಿಸಬಹುದು. ಗಾಜಿನ ಕೊಳವೆಯಲ್ಲಿ ವಾಯುವನ್ನೂ ಹಗುರವಾದ ಹುಡಿಯನ್ನೂ ಇಟ್ಟು ನಾದವನ್ನೆಬ್ಬಿಸಿದರೆ, ಹುಡಿಯು ಸಮಾನಾಂತರದಲ್ಲಿ ಸಾಲುಗಟ್ಟುತ್ತದೆ. ಆ ಅಂತರದಿಂದ ವೇಗವು ತಿಳಿಯುತ್ತದೆ. ಜರ್ಮನಿಯ ಕುಂಟ್ ಎಂಬವರು 1866ರಲ್ಲಿ ತೋರಿಸಿದ ವಿಧಾನವಿದು. ಸಾಧಾರಣ ಗಾಳಿಗೆ ಆ ನಿಷ್ಪತ್ತಿಯು 1.4, ಒಂಟಿ ಪರಮಾಣುಗಳ ವಾಯುವಿಗೆ ಸುಮಾರು 1.67. ಆರ್ಗಾನಿನದು ಈ ಎರಡನೆಯದಕ್ಕೇ ಸಮೀಪವಾಗಿತ್ತು. ಹೀಗೆ ಅದು ಒಂಟಿ ಪರಮಾಣುಗಳ ನೂತನ ಮೂಲವಸ್ತುವೆಂಬ ವಾದಕ್ಕೆ ಪ್ರಬಲವಾದ ಆಧಾರವು ದೊರೆಯಿತು.

1904ರಲ್ಲಿ ರೇಲಿಯವರಿಗೆ ನೊಬೆಲ್ ಬಹುಮಾನವು ದೊರೆಯಿತು. ಆ ದ್ರವ್ಯವನ್ನು ಅವರು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ದಾನಮಾಡಿದರು. 1919ನೆಯ ಜೂನ್ 30ರಂದು ದಿವಂಗತರಾದರು.

ನಮ್ಮ ಬಾಲಿಕೆಯರು ಲೆಕ್ಕದಲ್ಲಿ ಅಲ್ಪ ವ್ಯತ್ಯಾಸ ಕಂಡಾಗ ಅದನ್ನು ಅಳಿಸಿಬಿಡುವ ಮೊದಲು ಈ ಮಹನೀಯರನ್ನು ಸ್ಮರಿಸಲಿ. ಇನ್ನೂರರಲ್ಲೊಂದು ಪಾಲನ್ನು ತಾಳ್ಮೆಯಿಂದ ವಿಚಾರಿಸಿದವರಿಗೆ, ನಾವು ಪ್ರತಿಕ್ಷಣವೂ ಉಸಿರಾಡುವ ಗಾಳಿಯಲ್ಲಿಯೇ ಅಜ್ಞಾತವಾದುದೊಂದು ಗೋಚರಿಸಿತು.