ಜಿಂಜೆಂಡಾರ್ಫ್ ದೊರೆಯೂ ಪ್ರೇಮಭೋಜನವೂ

ಜಾತ್ರೆ ತೇರುಗಳನ್ನು ಬಿಟ್ಟು ಕರ್ತನ ಬಳಿಗೆ ಬಂದ ಕುಟುಂಬಗಳಲ್ಲಿ ಒಂದು ಸಂದೇಹವು ಬಹು ದಿವಸ ಉಳಿಯುವದುಂಟು. ಕ್ರೈಸ್ತರು ಕೂಡಿ ಉಣ್ಣುವದೂ ಹಾಡುವದೂ ಹಬ್ಬ ಆಚರಿಸುವದೂ ಆತ್ಮಕ್ಕೆ ಪ್ರಯೋಜನವೋ, ಇಲ್ಲವೆ ಬಿಟ್ಟುಬಂದದ್ದರ ಆಶೆಯೇ ಬೇರೆ ವೇಷದಲ್ಲಿ ತಿರುಗಿ ಬರುವದೋ? ಇದರ ಲಾಭವನ್ನೂ ನಷ್ಟವನ್ನೂ ತನ್ನ ಮನೆಯಲ್ಲಿಯೇ ಅನುಭವಿಸಿದ ಒಬ್ಬ ಭಕ್ತನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ನಿಕೊಲಸ್ ಲುಡ್ವಿಗ್ ಜಿಂಜೆಂಡಾರ್ಫನು 1700ನೆಯ ಇಸವಿ ಮೇ 26ರಲ್ಲಿ ಜರ್ಮನಿಯ ಡ್ರೆಸ್ಡೆನ್ ಪಟ್ಟಣದೊಳಗೆ ದೊರೆಮನೆತನದಲ್ಲಿ ಹುಟ್ಟಿದನು. ಆರು ವಾರಗಳಲ್ಲಿ ತಂದೆ ತೀರಿಹೋದದರಿಂದ ಅಜ್ಜಿಯು ಅವನನ್ನು ದೇವಭಕ್ತಿಯಲ್ಲಿ ಬೆಳೆಸಿದಳು. ಹಾಲೆ ಊರಿನ ಶಾಲೆಯಲ್ಲಿ ಓದುತ್ತಿದ್ದಾಗ ತಮಿಳು ಸೀಮೆಯ ತರಂಗಂಬಾಡಿಯಿಂದ ಬಂದಿದ್ದ ಜೀಗನ್‌ಬಾಲ್ಗ್ ಬೋಧಕನನ್ನು ಕಂಡನು. ದೂರದೇಶದವರ ರಕ್ಷಣೆಯ ಚಿಂತೆಯು ಆ ಹುಡುಗನಲ್ಲಿ ಆಗಲೇ ಬೇರೂರಿತು. ಮುಂದೆ ನ್ಯಾಯಶಾಸ್ತ್ರ ಓದಿ ಅರಸನ ಉದ್ಯೋಗಕ್ಕೆ ಸೇರಿದನು.

1722ರಲ್ಲಿ ಅವನು ಬೆರ್ಟೆಲ್ಸ್‌ಡಾರ್ಫ್ ಎಂಬ ಜಹಗೀರನ್ನು ಕೊಂಡನು. ಅದೇ ವರುಷ ಮೊರಾವಿಯ ಸೀಮೆಯಲ್ಲಿ ಸುವಾರ್ತೆಯ ನಿಮಿತ್ತ ಹಿಂಸೆಪಟ್ಟ ಕೆಲವರು ಮನೆಮಾರು ಬಿಟ್ಟು ಅಲ್ಲಿಗೆ ಓಡಿಬಂದರು. ಜೂನ್ 17ರಂದು ಕ್ರಿಸ್ಟಿಯನ್ ಡೇವಿಡ್ ಎಂಬ ಬಡಗಿಯು ಮೊದಲನೆಯ ಮರವನ್ನು ಕಡಿದನು. ಹುಟ್ಟಿದ ಊರಿಗೆ ಕರ್ತನ ಕಾವಲು ಎಂಬರ್ಥದಲ್ಲಿ ಹೆರ್ನ್‌ಹೂಟ್ ಎಂದು ಹೆಸರಿಟ್ಟರು.

ಐದು ವರುಷಗಳಲ್ಲಿ ಜನರು ಸುಮಾರು ಮುನ್ನೂರಾದರು, ಜಗಳವೂ ಬೆಳೆಯಿತು. ಬಂದವರಲ್ಲಿ ಒಬ್ಬೊಬ್ಬರದು ಒಂದೊಂದು ಮತ, ಒಂದೊಂದು ಪದ್ಧತಿ. ಆಶ್ರಯ ಕೊಟ್ಟ ದೊರೆಯನ್ನೇ ಪ್ರಕಟನೆಯ ಗ್ರಂಥದ ಮೃಗವೆಂದು ಹಳಿದವರೂ ಇದ್ದರು. ಹಿಂಸೆಯನ್ನು ಒಂದಾಗಿ ತಾಳಿದವರು ನೆಮ್ಮದಿ ದೊರೆತ ಮೇಲೆ ಬೇರೆಯಾಗುವದು ನಮ್ಮ ಸಭೆಗಳಲ್ಲಿಯೂ ಅಪರೂಪವಲ್ಲ. ದೊರೆಯು ಅವರನ್ನು ಹೊರಡಿಸಲಿಲ್ಲ. ಉದ್ಯೋಗದಿಂದ ರಜೆ ಪಡೆದು ಬಂದು ಮನೆಮನೆಗೆ ನಡೆದು ಕೂತು ಮಾತಾಡಿದನು. 1727ನೆಯ ಮೇ 12ರಂದು ಎಲ್ಲರೂ ಒಂದು ಕಟ್ಟಳೆಗೆ ಒಪ್ಪಿ ಕೈಗೊಟ್ಟರು.

ಆಗಸ್ಟ್ 13ರಂದು ಬೆರ್ಟೆಲ್ಸ್‌ಡಾರ್ಫಿನ ದೇವಾಲಯದಲ್ಲಿ ಕರ್ತನ ಭೋಜನವು ನಡೆಯಿತು. ಮುಖ ತಿರುಗಿಸಿದ್ದವರು ಅಲ್ಲಿ ಕಣ್ಣೀರಿನಿಂದ ಒಬ್ಬರನ್ನೊಬ್ಬರು ಕ್ಷಮಿಸಿದರು. ಆರಾಧನೆ ಮುಗಿದರೂ ಅಗಲಿಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಏಳು ಗುಂಪುಗಳಾಗಿ ಮಾತಿನಲ್ಲಿ ಕೂತೇ ಇದ್ದರು. ಇದನ್ನು ತಿಳಿದು ದೊರೆಯು ತನ್ನ ಅಡಿಗೆಮನೆಯಿಂದ ಅವರಿದ್ದಲ್ಲಿಗೇ ಆಹಾರ ಕಳುಹಿಸಿದನು. ಅವರ ಸಭೆಯಲ್ಲಿ ಪ್ರೇಮಭೋಜನವು ಹುಟ್ಟಿದ್ದು ಹೀಗೆ. ಯಾರೂ ಅದನ್ನು ಮುಂದಾಗಿ ಯೋಚಿಸಿರಲಿಲ್ಲ, ಎಲೆಯಲ್ಲಿ ವಿಶೇಷವೇನೂ ಇರಲಿಲ್ಲ. ಮುಂದೆಯೂ ರೊಟ್ಟಿ, ಕುಡಿಯಲು ಸ್ವಲ್ಪ ಏನಾದರೂ, ಬಹಳ ಹಾಡು, ಇಷ್ಟೇ. ಕರ್ತನ ಭೋಜನದ ಸ್ಥಾನವನ್ನು ಅದಕ್ಕೆ ಅವರು ಎಂದೂ ಕೊಡಲಿಲ್ಲ. ಆ ತಿಂಗಳಲ್ಲಿಯೇ 24 ಗಂಡಸರೂ 24 ಹೆಂಗಸರೂ ಹಗಲಿರುಳಿನ ತಾಸುಗಳನ್ನು ಹಂಚಿಕೊಂಡು ಪ್ರಾರ್ಥನೆಯ ಕಾವಲನ್ನು ಆರಂಭಿಸಿದರು.

1732ರ ಪುನರುತ್ಥಾನದ ಹಬ್ಬದಲ್ಲಿ ಮದುವೆಯಾಗದ ತರುಣರು ಸೂರ್ಯೋದಯಕ್ಕೆ ಮುಂಚೆ ಹೂಟ್‌ಬೆರ್ಗ್ ಗುಡ್ಡದ ಸ್ಮಶಾನಕ್ಕೆ ಹಾಡುತ್ತಾ ಹೋದರು. ಬಳಿಕ ಅದು ಇಡೀ ಸಭೆಯ ವಾಡಿಕೆಯಾಯಿತು. ಅದೇ ವರುಷ ಆಗಸ್ಟಿನಲ್ಲಿ ಇಬ್ಬರು ಸಹೋದರರು ಸೇಂಟ್ ತೋಮಸ್ ದ್ವೀಪದ ಗುಲಾಮರಿಗೆ ಸುವಾರ್ತೆ ಸಾರಲು ಕಾಲುನಡಿಗೆಯಿಂದ ಹೊರಟರು. ಮುನ್ನೂರು ಜನ ಕೂಡಿ ಉಂಡು ಹಾಡಿದ ಊರು ಮಿಶನರಿಗಳನ್ನು ಕಳುಹಿಸಿತೆಂಬದನ್ನು, ಹಬ್ಬವನ್ನು ಬರೀ ಖರ್ಚೆಂದು ಗೊಣಗುವ ಹಿರಿಯರು ಗಮನಿಸಲಿ.

1736ರಲ್ಲಿ ದೊರೆಗೆ ಸ್ವದೇಶದಿಂದ ಗಡೀಪಾರಾಯಿತು. 1741ರ ಕ್ರಿಸ್ತಜಯಂತಿಯ ಮುನ್ನಾ ರಾತ್ರಿ ಅವನು ಅಮೇರಿಕದ ಪೆನ್ಸಿಲ್ವೇನಿಯದಲ್ಲಿದ್ದನು. ಅಲ್ಲಿನ ಸಹೋದರರ ಮರದ ಮನೆಗೆ ದನದ ಕೊಟ್ಟಿಗೆಯು ಹೊಂದಿಕೊಂಡಿತ್ತು. ದೊರೆಯು ಎಲ್ಲರನ್ನೂ ಆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಜನನದ ಹಾಡು ಹಾಡಿಸಿದನು. ಆ ಊರಿಗೆ ಬೇತ್ಲೆಹೇಮ್ ಎಂಬ ಹೆಸರಾಯಿತು.

ಇನ್ನು ದುಃಖದ ಸಂಗತಿ. 1738ರಲ್ಲಿ ಕಟ್ಟಲ್ಪಟ್ಟ ಹೆರ್ನ್‌ಹಾಗ್ ಎಂಬ ಊರಿನಲ್ಲಿ ಸಹೋದರರು ಸಾವಿರದಷ್ಟಾಗಿದ್ದರು. ಕೆಲವು ವರುಷಗಳಲ್ಲಿ ಹಬ್ಬದ ಮೇಲೆ ಹಬ್ಬ, ಜನ್ಮದಿನಗಳಿಗೆ ದೀಪಾಲಂಕಾರ, ಕ್ರಿಸ್ತನ ಗಾಯಗಳನ್ನು ಕುರಿತು ಮಕ್ಕಳಾಟದಂಥ ಮಾತುಗಳು ಹೆಚ್ಚಿದವು, ಸಾಲವೂ ಏರಿತು. ಅಲ್ಲಿನ ತರುಣರ ನಾಯಕನು ದೊರೆಯ ಸ್ವಂತ ಮಗನಾದ ಕ್ರಿಸ್ಟಿಯನ್ ರೆನಾಟಸ್; ಮೊದಲ ಪ್ರೇಮಭೋಜನವಾದ ಮರುತಿಂಗಳಲ್ಲೇ ಹುಟ್ಟಿದವನು. ತಪ್ಪು ಮಗನೊಬ್ಬನದೇ ಎಂದು ನಾವು ಹೇಳಲಾರೆವು; ಅಂಥ ಮಾತಿಗೆ ದಾರಿ ತೋರಿಸಿದವನು ತಂದೆಯೇ. ಹೆರ್ನ್‌ಹೂಟಿನಲ್ಲಿ ಸಮಾಧಾನವು ಮೊದಲು ಬಂದು ಊಟವು ಅದರ ಹಿಂದೆ ಬಂದಿತ್ತು. ಇಲ್ಲಿಯಾದರೋ ಹಬ್ಬಕ್ಕಾಗಿಯೇ ಹಬ್ಬ. 1749ರ ಫೆಬ್ರವರಿಯಲ್ಲಿ ದೊರೆಯು ಲಂಡನ್ನಿನಿಂದ ಕಠಿಣವಾದ ಪತ್ರ ಬರೆದು ಇದನ್ನೆಲ್ಲಾ ಖಂಡಿಸಿ ಮಗನನ್ನು ತನ್ನ ಬಳಿಗೆ ಕರೆಸಿಕೊಂಡನು. ಮಗನು ಪಶ್ಚಾತ್ತಾಪಪಟ್ಟು 1752ರಲ್ಲಿ, 24ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿಯೇ ತೀರಿಹೋದನು. ಆ ಸೀಮೆಯ ಅಧಿಪತಿಯ ಅಪ್ಪಣೆಯಿಂದ ಹೆರ್ನ್‌ಹಾಗ್ ಬರಿದಾಯಿತು.

ಆದರೂ ದೊರೆಯು ಪ್ರೇಮಭೋಜನವನ್ನು ನಿಲ್ಲಿಸಲಿಲ್ಲ. ದೀಪಗಳ ಆಡಂಬರ ಹೋಯಿತು, ರೊಟ್ಟಿಯೂ ಹಾಡೂ ಉಳಿದವು. ಅವನು ಹೆರ್ನ್‌ಹೂಟಿಗೆ ಹಿಂತಿರುಗಿ 1760ನೆಯ ಮೇ 9ರಂದು ಅಲ್ಲಿಯೇ ಕರ್ತನಲ್ಲಿ ನಿದ್ರೆಹೋದನು. ಅದೇ ವರುಷ ಆ ಸಭೆಯ ಸಹೋದರರು, ಬಾಲ್ಯದಲ್ಲಿ ಅವನು ಕೇಳಿದ್ದ ತರಂಗಂಬಾಡಿಗೆ ಬಂದಿಳಿದರು. ಅವನ ದೇಹವನ್ನು ಹೂಟ್‌ಬೆರ್ಗ್ ಗುಡ್ಡದಲ್ಲಿ ಹೂಣಿಟ್ಟರು. ಈಗಲೂ ಪುನರುತ್ಥಾನದ ಹಬ್ಬದ ನಸುಕಿನಲ್ಲಿ ಸಭೆಯು ಕಹಳೆಗಳೊಡನೆ ಆ ಗುಡ್ಡಕ್ಕೆ ಹೋಗಿ, ಹಿಂದಿನ ಹಬ್ಬದಿಂದೀಚೆಗೆ ಅಗಲಿದವರನ್ನು ನೆನಸಿ ಹಾಡುತ್ತದೆ.