ಪರದೇಶಿಯಾಗಿ ಬಂದು ಪರದೇಶಿಗಳ ತಂದೆಯಾದ ಸಂತ ಜಾನ್ ನ್ಯೂಮನ್



ನ್ಯೂಮನ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವವರು ಇಂಗ್ಲೆಂಡಿನ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್. ಆದರೆ ಇದೇ ಹೆಸರಿನ ಇನ್ನೊಬ್ಬ ಸಂತರಿದ್ದಾರೆ. ಅವರೇ ಅಮೆರಿಕದ ಫಿಲಡೆಲ್ಫಿಯಾದ ಧರ್ಮಾಧ್ಯಕ್ಷರಾಗಿದ್ದ ಸಂತ ಜಾನ್ ನೆಪೊಮುಸೀನ್ ನ್ಯೂಮನ್.

ಇವರು ಹುಟ್ಟಿದ್ದು 1811ರ ಮಾರ್ಚ್ 28ರಂದು, ಇಂದು ಚೆಕ್ ಗಣರಾಜ್ಯಕ್ಕೆ ಸೇರಿರುವ ಬೊಹೀಮಿಯಾದ ಪ್ರಾಖಾಟಿಟ್ಸ್ ಎಂಬ ಪಟ್ಟಣದಲ್ಲಿ. ತಂದೆ ಕಾಲುಚೀಲ ಹೆಣೆಯುವ ಕಸುಬಿನವರು, ಜರ್ಮನ್ ಭಾಷಿಕರು. ತಾಯಿ ಚೆಕ್ ಮನೆತನದವರು. ಹೀಗೆ ಮನೆಯಲ್ಲೇ ಎರಡು ಭಾಷೆಗಳ ಒಡನಾಟ. ಗುರುಮಠದಲ್ಲಿದ್ದಾಗ ಅಮೆರಿಕದ ಮಿಷನರಿಗಳ ಪತ್ರಗಳು ಅವರ ಕೈಗೆ ಬಂದವು. ಅಲ್ಲಿಗೆ ವಲಸೆ ಹೋದ ಜರ್ಮನ್ ಜನ ತಮ್ಮ ಭಾಷೆ ಬಲ್ಲ ಗುರುಗಳಿಲ್ಲದೆ ಸಂಸ್ಕಾರಗಳಿಂದ ವಂಚಿತರಾಗಿದ್ದಾರೆಂಬ ಸುದ್ದಿ ಅವರ ಮನಸ್ಸನ್ನು ಕಲಕಿತು. ಪ್ರಾಗ್ ನಗರದಲ್ಲಿ ಓದುತ್ತಿದ್ದಾಗ, ಅಲ್ಲಿನ ಕಾರ್ಖಾನೆಯ ಇಂಗ್ಲಿಷ್ ಕೆಲಸಗಾರರ ಜೊತೆ ಮಾತಾಡಿ ಇಂಗ್ಲಿಷ್ ಕಲಿತರು.

1835ರಲ್ಲಿ ಓದು ಮುಗಿಯಿತು. ಆದರೆ ಧರ್ಮಪ್ರಾಂತ್ಯದಲ್ಲಿ ಗುರುಗಳು ಬೇಕಾದಷ್ಟಿದ್ದರು, ಧರ್ಮಾಧ್ಯಕ್ಷರೂ ಅಸ್ವಸ್ಥರಾಗಿದ್ದರು. ಗುರುದೀಕ್ಷೆ ಮುಂದಕ್ಕೆ ಹೋಯಿತು. ಮರುವರ್ಷ, ವಿದಾಯದ ಕಣ್ಣೀರು ಬೇಡವೆಂದು ಹೆಚ್ಚು ಹೇಳದೆಯೇ ಮನೆ ಬಿಟ್ಟರು. ಸುಮಾರು 40 ದಿನಗಳ ಹಡಗಿನ ಪ್ರಯಾಣದ ನಂತರ ನ್ಯೂಯಾರ್ಕ್ ತಲುಪಿದಾಗ ಅವರ ವಯಸ್ಸು 25. ಮೈಮೇಲೆ ಒಂದೇ ಜೊತೆ ಬಟ್ಟೆ, ಜೇಬಿನಲ್ಲಿ ಒಂದು ಡಾಲರ್. ಅಲ್ಲಿನ ಧರ್ಮಾಧ್ಯಕ್ಷ ಜಾನ್ ಡುಬೊಯಿಸ್, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದವರು. ವಲಸಿಗನ ಕಷ್ಟ ಬಲ್ಲ ಅವರು ಈ ಯುವಕನನ್ನು ತುಂಬು ಹೃದಯದಿಂದ ಬರಮಾಡಿಕೊಂಡು, 1836ರ ಜೂನ್ 25ರಂದೇ ಗುರುದೀಕ್ಷೆ ನೀಡಿದರು.

ಬಫಲೋ ನಗರದ ಸುತ್ತಲಿನ ಕಾಡುಹಳ್ಳಿಗಳು ಅವರ ಸೇವಾಕ್ಷೇತ್ರವಾದವು. ಪೂಜಾಸಾಮಗ್ರಿ ಬೆನ್ನಿಗೆ ಹೊತ್ತು ಮೈಲಿಗಟ್ಟಲೆ ನಡೆದರು, ಮಕ್ಕಳಿಗೆ ತಾವೇ ಪಾಠ ಹೇಳಿದರು. ಒಂಟಿತನ ಮತ್ತು ದುಡಿಮೆಯಿಂದ 1840ರಲ್ಲಿ ಆರೋಗ್ಯ ಕುಸಿಯಿತು. ಒಬ್ಬನೇ ಬದುಕುವುದು ಸಾಧ್ಯವಿಲ್ಲವೆಂದು ಅರಿತು ರಿಡೆಂಪ್ಟರಿಸ್ಟ್ ಸಭೆ ಸೇರಿದರು. 1842ರಲ್ಲಿ ಅಮೆರಿಕದ ನೆಲದಲ್ಲಿ ಆ ಸಭೆಯ ವ್ರತ ಸ್ವೀಕರಿಸಿದವರಲ್ಲಿ ಮೊದಲಿಗರಾದರು.

1852ರಲ್ಲಿ ಫಿಲಡೆಲ್ಫಿಯಾದ ಧರ್ಮಾಧ್ಯಕ್ಷರಾದರು. ಅದು ವಲಸಿಗರನ್ನು ದ್ವೇಷಿಸುವವರು 1844ರಲ್ಲಿ ಎರಡು ಕಥೋಲಿಕ ಚರ್ಚುಗಳನ್ನು ಸುಟ್ಟಿದ್ದ ಊರು. ನ್ಯೂಮನ್ನರು ಇಟಾಲಿಯನ್ನರಿಗಾಗಿ ಧರ್ಮಕೇಂದ್ರ ತೆರೆದರು. ಬಡಮಕ್ಕಳ ಶಾಲೆಗಳನ್ನು ಒಂದು ವ್ಯವಸ್ಥೆಗೆ ತಂದರು. ಬರಗಾಲದಿಂದ ಓಡಿಬಂದ ಐರಿಷ್ ಜನರಲ್ಲಿ ಇಂಗ್ಲಿಷ್ ಬಾರದವರ ಪಾಪನಿವೇದನೆ ಕೇಳಲು ಐರಿಷ್ ಭಾಷೆಯನ್ನೂ ಕಲಿತರು. ತನ್ನ ಮಾತಿನಲ್ಲೇ ಪಾಪನಿವೇದನೆ ಮಾಡಿಬಂದ ಹೆಂಗಸೊಬ್ಬಳು, ಕೊನೆಗೂ ತಮಗೆ ಐರಿಷ್ ಬಿಷಪ್ ಸಿಕ್ಕರೆಂದು ದೇವರಿಗೆ ವಂದಿಸಿದಳೆಂದು ಹೇಳುತ್ತಾರೆ.

ಆದರೂ ಎಲ್ಲರೂ ಅವರನ್ನು ಮೆಚ್ಚಲಿಲ್ಲ. ಅವರ ಉಚ್ಚಾರಣೆ, ಸರಳ ಉಡುಪು ನಗರದ ಕೆಲವು ಪ್ರತಿಷ್ಠಿತರಿಗೆ ಹಿಡಿಸಲಿಲ್ಲ. ತಮ್ಮನ್ನು ಚಿಕ್ಕ ಧರ್ಮಪ್ರಾಂತ್ಯಕ್ಕೆ ಕಳುಹಿಸಬೇಕೆಂದು ರೋಮ್‌ಗೆ ಅವರೇ ಬೇಡಿಕೊಂಡರು. ಆ ಕೋರಿಕೆ ಈಡೇರಲಿಲ್ಲ. ಅವರು ಸೇವೆ ಮುಂದುವರಿಸಿದರು. 1860ರ ಜನವರಿ 5ರಂದು ಕೆಲಸದ ನಿಮಿತ್ತ ಹೋಗಿದ್ದವರು ಬೀದಿಯಲ್ಲೇ ಕುಸಿದು ಪ್ರಾಣಬಿಟ್ಟರು. ಆಗ ವಯಸ್ಸು 48. ಜಗದ್ಗುರು ಆರನೇ ಪೌಲರು 1977ರಲ್ಲಿ ಅವರನ್ನು ಸಂತ ಪದವಿಗೇರಿಸಿದರು.

ದೇವರ ವಾಕ್ಯವೇ ಮನುಷ್ಯನಾಗಿ ಒಂದು ಊರಿನ ಭಾಷೆಯನ್ನು ತಾಯಿಯ ಮಡಿಲಲ್ಲಿ ಕಲಿಯಿತು ಎಂಬುದು ನಮ್ಮ ವಿಶ್ವಾಸ. ಇನ್ನೊಬ್ಬರ ಭಾಷೆ ಕಲಿಯುವುದೆಂದರೆ ಅವರಿಗಾಗಿ ಮತ್ತೆ ಮಗುವಾಗುವುದು, ತಪ್ಪಾಡಿ ನಗೆಪಾಟಲಾಗಲು ಒಪ್ಪುವುದು. ಅದು ಪ್ರೀತಿಯ ಒಂದು ತಪಸ್ಸು. ದೂರದ ಊರಿನಲ್ಲಿ ದುಡಿಯುವ ನಿಮ್ಮ ಮಕ್ಕಳನ್ನು ಅಲ್ಲಿ ಯಾರಾದರೂ ಮಾತಾಡಿಸಲಿ ಎಂದು ನೀವು ಪ್ರಾರ್ಥಿಸುತ್ತೀರಿ. ನಮ್ಮ ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತು, ಪೂಜೆ ಮುಗಿದೊಡನೆ ಸದ್ದಿಲ್ಲದೆ ಹೊರಟುಹೋಗುವ ಹೊಸಬರ ತಾಯಿಯೂ ಎಲ್ಲೋ ಅದೇ ಪ್ರಾರ್ಥನೆ ಮಾಡುತ್ತಿರಬಹುದು. ಈ ಭಾನುವಾರ ಅವರ ಹೆಸರು ಕೇಳಿ, ಅವರ ಭಾಷೆಯ ಒಂದು ಮಾತು ಕಲಿತು ಮನೆಗೆ ಬನ್ನಿ.

ಸಂತ ಜಾನ್ ನ್ಯೂಮನ್ನರೇ, ಮನೆಯಿಂದ ದೂರವಿರುವ ನಮ್ಮೆಲ್ಲ ಮಕ್ಕಳಿಗಾಗಿ ಪ್ರಾರ್ಥಿಸಿರಿ.