ಗಾಡಿ ಕೆಲಸದ ಹೆನ್ರಿ ಟಿಮ್ಕನ್

ಕೀಲೆಣ್ಣೆ ಹಾಕದ ಎತ್ತಿನಗಾಡಿ ಹೇಗೆ ಕಿರುಗುಟ್ಟುತ್ತೆ ಅಂತ ನಿಮಗೆಲ್ಲ ಗೊತ್ತು. ಅಚ್ಚು ಮತ್ತು ಚಕ್ರ ಒಂದಕ್ಕೊಂದು ಉಜ್ಜುವ ಈ ತೊಂದರೆಗೆ ಹೊಸ ದಾರಿ ಕಂಡುಹಿಡಿದವರಲ್ಲಿ ಹೆನ್ರಿ ಟಿಮ್ಕನ್ ಒಬ್ಬರು.

ಇವರು 1831ರಲ್ಲಿ ಜರ್ಮನಿಯಲ್ಲಿ ಜನಿಸಿದರು. 1838ರಲ್ಲಿ ಇವರ ಮನೆಯವರು ಅಮೆರಿಕಕ್ಕೆ ಹೋಗಿ ಮಿಸೌರಿಯಲ್ಲಿ ಬೇಸಾಯಕ್ಕೆ ನಿಂತರು. ಹುಡುಗನಿಗೆ ಹೊಲಕ್ಕಿಂತ ಗಾಡಿ ಕೆಲಸವೇ ಹಿಡಿಸಿತು. ಸೇಂಟ್ ಲೂಯಿಸ್ ಪಟ್ಟಣದಲ್ಲಿ ಗಾಡಿ ಮಾಡುವವರೊಬ್ಬರ ಹತ್ತಿರ ಕೆಲಸ ಕಲಿತು, 1855ರಲ್ಲಿ ಸ್ವಂತ ಅಂಗಡಿ ಇಟ್ಟರು. 1877ರಲ್ಲಿ ಕುದುರೆಗಾಡಿಗೆ ಹೊಸ ಬಗೆಯ ಸ್ಪ್ರಿಂಗ್ ಮಾಡಿ ಪೇಟೆಂಟ್ ಪಡೆದರು. ಅದರಿಂದ ಚೆನ್ನಾಗಿ ಹಣವೂ ಬಂತು. ಸಾಕು ಅಂತ ಕೂತುಬಿಡಬಹುದಿತ್ತು, ಕೂರಲಿಲ್ಲ.

ಗಾಡಿ ನೇರವಾಗಿ ಹೋಗುವಾಗ ಭಾರ ಮೇಲಿಂದ ಬೀಳುತ್ತೆ. ತಿರುವಿನಲ್ಲಿ ಚಕ್ರವನ್ನು ಪಕ್ಕಕ್ಕೂ ತಳ್ಳುತ್ತೆ. ನೆಟ್ಟಗಿನ ಉರುಳೆ ಹಾಕಿದ ಬೇರಿಂಗು ಮೇಲಿನ ಭಾರ ಹೊರುತ್ತೆ, ಆದರೆ ಪಕ್ಕದ ತಳ್ಳಾಟ ತಡೆಯಲ್ಲ. ಟಿಮ್ಕನ್ ಮತ್ತು ಅವರ ಸೋದರಳಿಯ ಹೈನ್ಜೆಲ್‌ಮನ್ ಸೇರಿ ಉರುಳೆಯನ್ನು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಮಾಡಿದರು. ಒಳಗೆ ಶಂಕುವಿನಂಥ ಬಳೆ, ಹೊರಗೆ ಬಟ್ಟಲಿನಂಥ ಬಳೆ, ನಡುವೆ ಓರೆ ಉರುಳೆಗಳು. ಎರಡೂ ಭಾರವನ್ನು ಇದೊಂದೇ ಹೊತ್ತಿತು! 1898ರಲ್ಲಿ ಪೇಟೆಂಟ್ ಸಿಕ್ಕಾಗ ಅವರಿಗೆ 66 ವರ್ಷ. ನಮ್ಮ ಕಡೆ ಆ ವಯಸ್ಸಿಗೆ ಜಗುಲಿ ಬಿಟ್ಟು ಏಳುವವರೇ ಕಡಿಮೆ. ಮರುವರ್ಷ ಕಂಪನಿ ಶುರುವಾಯಿತು. 1901ರಲ್ಲಿ ಅದು ಮೋಟಾರು ಕಾರ್ಖಾನೆಗಳಿಗೆ ಹತ್ತಿರವಾದ ಒಹಾಯೋದ ಕ್ಯಾಂಟನ್ ಊರಿಗೆ ಹೋಯಿತು. ಟಿಮ್ಕನ್ 1909ರಲ್ಲಿ ತೀರಿಕೊಂಡರು. ಕಂಪನಿಯನ್ನು ಮಕ್ಕಳು ನಡೆಸಿದರು.

ಹಳೇ ಸಣ್ಣ ಕಾರುಗಳು ಎಷ್ಟೋ ಇದೇ ಓರೆ ಬೇರಿಂಗಿನ ಮೇಲೆ ಓಡಿದವು. ಅದನ್ನು ಬಿಚ್ಚಿ ನೋಡುವ ಕ್ರಮ ಹೀಗೆ. ಜಾಕ್ ಕೊಟ್ಟು, ಕೆಳಗೆ ಗಟ್ಟಿ ಆಸರೆ ಇಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಅಂದರೆ, ಇಲ್ಲವೇ ತಿರುಗಿಸುವಾಗ ಗುರ್ ಅಂದರೆ ಬೇರಿಂಗು ನೋಡಬೇಕಾಗುತ್ತೆ. ಸ್ಪ್ಲಿಟ್ ಪಿನ್ನು, ನಟ್ಟು ತೆಗೆದು ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಉರುಳೆಯಲ್ಲಿ ಕುಳಿ ಬಿದ್ದಿದ್ದರೆ, ಕಾದು ನೀಲಿ ತಿರುಗಿದ್ದರೆ ಅದನ್ನು ಮತ್ತೆ ಹಾಕಬಾರದು. ಹೊಸದು ಹಾಕುವಾಗ ಹೊರಬಳೆಯನ್ನೂ ಬದಲಾಯಿಸಬೇಕು. ಚೆನ್ನಾಗಿದ್ದರೆ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಉರುಳೆಗಳ ಸಂದಿಯೊಳಕ್ಕೆ ಒತ್ತಿ ತುಂಬಬೇಕು. ಮೇಲೆ ಸವರಿದರೆ ಏನೂ ಪ್ರಯೋಜನವಿಲ್ಲ.

ನಾಜೂಕು ಇರುವುದು ನಟ್ಟಿನಲ್ಲಿ. ಬಲ ಇದೆ ಅಂತ ಬಿಗಿದರೆ ಬೇರಿಂಗು ಕಾದು ಕಚ್ಚಿಕೊಳ್ಳುತ್ತೆ. ಸಡಿಲ ಬಿಟ್ಟರೆ ಚಕ್ರ ಓಲಾಡುತ್ತೆ. ಚಕ್ರ ತಿರುಗಿಸುತ್ತಾ ನಟ್ಟು ಬಿಗಿದು, ಆಮೇಲೆ ಆ ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹಿಂದಕ್ಕೆ ಬಿಡಬೇಕು. ಕೊನೆಗೆ ಹೊಸ ಪಿನ್ನು ಹಾಕಿ ಕಾಲು ಮಡಚಬೇಕು. ನಮ್ಮ ಗಾಡಿಗೆ ಕಡಾಣಿ ಇದ್ದ ಹಾಗೆ ಅದು. ಹಳೇ ಪಿನ್ನು ಮುರಿದು ನಟ್ಟು ಬಿಚ್ಚಿಕೊಂಡರೆ ಓಡುವ ಕಾರಿನಿಂದ ಚಕ್ರವೇ ಕಳಚಿ ಹೋದೀತು.